ಮುದ್ದೇಮಾಲು

ಕಾಗದದಾಗ ಅವಕ್ಕ ಮುದ್ದೇಮಾಲು ಅಂತಾರ.
ಇಪ್ಪತ್ಮೂರು ನಗ.
ಮೈಂದರ್ಗಿ ನಾಕಾದಾಗ
ಉಳ್ಳಾಗಡ್ಡಿ ಚೀಲದ ತಳಕ್ಕ ಸಿಕ್ಕವು.
ನಕ್ಷತ್ರ ಮೂಡಿದ ಬೆನ್ನಿನ ಮ್ಯಾಲ
ಬಿಳಿ ಬಣ್ಣಲೆ ಒಂದೊಂದು ನಂಬರ ಬರದು
ಅಕ್ಕಲಕೋಟ ಫಾರೆಸ್ಟ್ ಆಫೀಸಿನ ಹಿಂದ
ಬೇವಿನ ಬುಡಕ್ಕ ಬಿಟ್ಟಾರ.
ಸುತ್ತ ಮೂರು ವರಸಿ ಇಟ್ಟಂಗಿ, ಮ್ಯಾಲ ಕೋಳಿ ಜಾಳಗಿ,
ಮೂಲ್ಯಾಗ ನೀರಿಗೆ ಒಂದು ಸೀಳಿದ ಪರಾತ,
ಮತ್ತ ನಾನು, ದಿನಗೂಲಿ ಭೌರಮ್ಮ.

ಮೊದಲ ತಿಂಗಳು ಬಜಾರದಾಗ ಉಳದದ್ದೇ ಹಾಕ್ದೆ:
ಟೊಮ್ಯಾಟೊ, ಸೌತಿಕಾಯಿ, ಕೋಬಿ.
ಬಿಲ್ಲಿನ ಪುಸ್ತಕದಾಗೂ ಅದೇ ಮೂರು ಹೆಸರು.
ಹೊಟ್ಟಿ ಕೆಟ್ಟವು. ಹದಿನಾಲ್ಕನೇದ್ದರ ಚಿಪ್ಪು
ಹೆಬ್ಬಟ್ಟಿಲೆ ಒತ್ತಿದ್ರ ಹಸಿ ಹಪ್ಪಳದಂಗ ತಗ್ಗು ಬೀಳತಿತ್ತು.
ಸೋಲಾಪುರದ ಡಾಕ್ಟರ ಬಂದು ಮರಾಠಿಯೊಳಗ ಬೈದ್ರು:
ದಿನಾ ಒಂದೇ ಉಂಡ್ರ ನಿಮಗ ನಡೀತದೇನು?
ನಡೀತದ್ರಿ, ಅಂದೆ. ರೊಟ್ಟಿ, ಹಿಂಡಿ.
ಇಪ್ಪತ್ತು ವರ್ಷ ನಡದದ.
ಅವರು ನಗಲಿಲ್ಲ. ಚೀಟಿ ಬರದ್ರು.

ಅವತ್ತಿನಿಂದ ನಸಕಿಲೆ ಮಂದಿ ಹೊಲದ ಬದುವಿಗೆ ಬಿದ್ದೆ.
ಹತ್ತರಕಿ, ಕುಸುಬಿಯ ಎಳೀ ಎಲಿ,
ದನಾ ಬಿಟ್ಟ ಕರಕಿ,
ಮಾಸ್ತರ ಮನಿ ದಾಸಾಳ ಹೂವು, ಕೇಳಿ ಸ್ವಲ್ಪ, ಕೇಳದ ಸ್ವಲ್ಪ.
ಎಲುಬಿಗೆ ಸುಣ್ಣ ಬೇಕಂತ
ಆಮ್ಲೆಟ್ ಗಾಡಿಯವನ ಕಡಿಂದ ತತ್ತಿ ಸಿಪ್ಪಿ ತಂದು
ಮನ್ಯಾಗ ಕುಟ್ಟಿದ್ದಕ್ಕ
ಅತ್ತಿ ಒಳ್ಳು ಎತ್ತಿ ಅಂಗಳಕ್ಕ ಹಾಕಿದ್ಲು.
ಇನ್ನೂ ಅಲ್ಲೇ ಅದ. ಮಳಿ ನೀರು ತುಂಬ್ಯದ, ಗುಬ್ಬಿ ಕುಡೀತಾವ.

ಎಲ್ಲಾ ಉಂಡವು. ಒಂಬತ್ತೊಂದೇ ಉಣಲಿಲ್ಲ.
ಹನ್ನೊಂದು ದಿನ ಬಾಗಲಾ ಹಾಕ್ಕೊಂಡು ಕುಂತಿತ್ತು.

ಸೋಮವಾರಕ್ಕೊಮ್ಮೆ ಸಹಿ ಮಾಡಲಿಕ್ಕ ಬರ್ತಿದ್ದ
ನಾಗಣಸೂರಿನ ಯಲ್ಲಾಲಿಂಗ, ಎರಡನೇ ಆರೋಪಿ.
ಚೀಲ ನಂದಲ್ಲ, ಆಮಿ ನಾ ಕಂಡೇ ಇಲ್ಲ
ಅಂತ ಬರಕೊಟ್ಟಾವ.
ಸಹಿ ಮಾಡಿ ಹಿಂದಿನಿಂದ ಬಂದು ಜಾಳಗಿ ಹತ್ರ ಕುಕ್ಕರಗಾಲಿಲೆ ಕುಂತ.
ಒಂಬತ್ತು ಯಾಕ ಸೊರಗ್ಯದ, ಅಕ್ಕಾ?
ನಾ ಮಾತಾಡಲಿಲ್ಲ. ಮಾತಾಡಬಾರದಂತ ಆರ್ಡರ್ ಇತ್ತು.
ಮುಂದಿನ ಸೋಮವಾರ ಟವಲಿನಾಗ ಪಾಪಾಸುಕಳ್ಳಿ ಹಣ್ಣು,
ಮುಳ್ಳು ಸುಟ್ಟು, ಒರಸಿ, ಸೀಳಿ.
ಕುತ್ತಗಿ ಹೊರಗ ಬಂತು. ಬಂತು, ಬಂತು,
ಇಷ್ಟುದ್ದ ಕುತ್ತಗಿ ಅದಕ್ಕಿತ್ತಂತ ನನಗ ಗೊತ್ತೇ ಇರಲಿಲ್ಲ.
ತಿಂದ ಮ್ಯಾಲ ಎಲಿ ಅಡಕಿ ಮೆದ್ದ ಮುದುಕಿಯ ಬಾಯಿ.

ತಾರೀಖಿನ ದಿನ ಒಂದು ನಗ ಹಾಜರ ಮಾಡ್ರಿ ಅಂದ್ರು.
ಬಿಸ್ಕೀಟ ಡಬ್ಬಿಯೊಳಗ ಒಂಬತ್ತನ್ನ ಒಯ್ದೆ.
ಟೇಬಲ್ಲಿನ ಮ್ಯಾಲ ಬಿಟ್ಟಿದ್ದೇ ತಡ
ಪಂಚನಾಮಾದ ಮ್ಯಾಲ ಕೆಂಪು ಹರೀತು.
ರಕ್ತ! ಅಂದ ಗುಮಾಸ್ತ.
ಖಾತ್ಯಾದವರು ಏನು ಮಾಡೀರಿ ಇದಕ್ಕ? ಅಂದ್ರು ಸಾಹೇಬ್ರು.
ಎಲ್ಲಾರ ಕಣ್ಣೂ ನನ್ನ ಮ್ಯಾಲ.
ಆಗ ಕಟಕಟಿಯಿಂದ ಅವನು:
ರಕ್ತ ಅಲ್ರೀ, ಕಳ್ಳಿ ಹಣ್ಣು. ಅದಕ್ಕ ಅದೊಂದೇ ಸೇರತದ,
ಸಣ್ಣದಿದ್ದಾಗಿಂದ...

ಫ್ಯಾನಿನ ಸಪ್ಪಳ.
ಸರ್ಕಾರಿ ವಕೀಲರು ಸಾವಕಾಶ ಎದ್ದು ಕನ್ನಡಕ ಹಾಕ್ಕೊಂಡ್ರು.
ಕಂಡೇ ಇಲ್ಲ ಅಂದಿದ್ದಿಯಲ್ಲೋ?
ಅವನ ಕುತ್ತಗಿ ಒಳಗ ಹೋಯ್ತು.

ನನ್ನ ಯಾರೂ ಕೇಳಲಿಲ್ಲ.
ಕೇಳಿದ್ರ ಹಣ್ಣು ನಾನೇ ತಂದಿದ್ದೆ ಅಂತಿದ್ದೆನೇನೋ.
ಅಂಗೈ ತೋರಸು ಅಂದಿದ್ರ?
ಒಂದು ಮುಳ್ಳಿನ ಗುರುತೂ ಇರಲಿಲ್ಲ.

ಈಗ ಸೋಮವಾರ ಸಹಿಯ ಜಾಗಾ ಖಾಲಿ.
ಇಕ್ಕಳ ಹಿಡಕೊಂಡು ಕಳ್ಳಿ ಸಾಲಿಗೆ ನಾನೇ ಹೋಗತೀನಿ.
ಸುಡೂದು ಇನ್ನೂ ಸರಿಯಾಗಿ ಬರವಲ್ದು,
ಬೆರಳ ತುಂಬ ಕಾಣದ ಮುಳ್ಳು, ರೊಟ್ಟಿ ಬಡಿಯುವಾಗ ಚುಚ್ಚತಾವ.
ಒಂಬತ್ತು ಹಣ್ಣು ಮೂಸತದ, ನನ್ನ ಹಿಂದ ನೋಡತದ,
ಹೊತ್ತು ಕಳದು ಬಾಯಿ ತೆರೀತದ.
ನಿನ್ನೆ ಬಿಲ್ಲಿನ ಪುಸ್ತಕ ಬಂತು. ಹೆಬ್ಬಟ್ಟು ಒತ್ತಿದೆ.
ಟೊಮ್ಯಾಟೊ, ಸೌತಿಕಾಯಿ, ಕೋಬಿ.