ಶೇಕಡಾ ಮೂವತ್ತೊಂದು

ವೋಲ್ಟಾ ದಂಡೆಯ ಬೇವಿನ ಕೆಳಗೆ
ಕೆಂಕೆಯ ಎಲೆ ಬಿಚ್ಚುತ್ತ
ಜಿಫಾ ಟೀಚರ್ ಹೇಳಿದರು:
ಯಾಯ್ರಾಳ ಪಾಲಿಗೆ ಬಂದ ಇ-ರೀಡರಿನಲ್ಲಿ
ದಾನ ಕೊಟ್ಟವರು ಅಳಿಸದೆ ಬಿಟ್ಟ ಒಂದು ಕಾದಂಬರಿ,
ಶೇಕಡಾ ಮೂವತ್ತೊಂದಕ್ಕೆ ನಿಂತಿತ್ತಂತೆ.

"ಅಲ್ಲಿಗೇ ಯಾಕೆ ಬಿಟ್ಟರು?
ದೋಣಿಯವನು ಬದುಕುತ್ತಾನೆಂದು
ಅವರಿಗೆ ಗೊತ್ತೇ ಆಗಲಿಲ್ಲವಲ್ಲ!"
ಹುಡುಗಿಗೆ ಅದೇ ಚಿಂತೆ.

ಬೀರುವಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುವ
ಅಗ್ಬೆಕೊ ಮೇಷ್ಟ್ರು
ಮೆಣಸಿನ ಖಾರಕ್ಕೆ ಮೂಗೊರೆಸಿಕೊಂಡರು:
"ಒಡೆದರೆ ಯಾರು ಹೊಣೆ ಅಂತಿದ್ದೆ, ನಿಜ.
ನಿನ್ನೆ ಸೆಲೋಮ್, ಆ ಬಾಯಿಬಿಡದ ಹುಡುಗ,
ಒಂದು ಪದದ ಅರ್ಥ ಕೇಳಲು
ಮನೆಗೇ ಬಂದಿದ್ದ.
ನನಗೂ ಗೊತ್ತಿರಲಿಲ್ಲ."

ನಕ್ಕರು. ತಟ್ಟೆಗಳ ಮೇಲೆ ಹರ್ಮತಾನಿನ ಧೂಳು.

ಗಂಟೆ ಹೊಡೆದಾಗ
ಬೀಗದ ಕೈ ಬೆಂಚಿನ ಮೇಲೇ ಇತ್ತು.
ಮರೆತರೋ, ಬಿಟ್ಟರೋ,
ಯಾರೂ ಕೇಳಲಿಲ್ಲ.