ನಲವತ್ತೊಂದನೇ ಒಬ್ಬೆ

(ಶ್ನೇಬೆರ್ಗ್, ಸ್ಯಾಕ್ಸನಿ, ೧೯೧೧)

ಚಿತ್ರದ ಟೀಚರಮ್ಮ ಕ್ಲೆಮೆಂಟೀನ್ ಅವರಿಗೆ,
ನಿಮ್ಮ ದೂರು ತಲುಪಿತು, ಜೊತೆಗೆ ಆ ಕಾಗದದ ಚೂರೂ.
ಪೇರ್ ಮರದ ಮೇಲಿನ ಬೆಳಕೆಂದು ನೀವು ಬಳಿದದ್ದು
ಈಗ ಚಹಾ ಚೆಲ್ಲಿದ ಕಲೆ.
ನಿಜ. ಅಲ್ಲವೆನ್ನಲಾರೆ.

ನಮ್ಮ ಬೆಟ್ಟದಲ್ಲಿ ಕೋಬಾಲ್ಟ್ ಮೊದಲಿಗೆ ಬೈಗುಳ.
ಬೆಳ್ಳಿಯೆಂದು ಹೊತ್ತು ತಂದ ಅದಿರು
ಕುಲುಮೆಯಲ್ಲಿ ಬರೀ ಪಾಷಾಣದ ಹೊಗೆ ಕಾರಿದಾಗ
ಗಣಿಯ ಕುಳ್ಳ ಭೂತ ಬೆಳ್ಳಿ ಕದ್ದಿತೆಂದರು.
ಭೂತದ ಹೆಸರೇ ಲೋಹಕ್ಕೆ ಅಂಟಿತು.
ನನ್ನಜ್ಜ ಅದನ್ನು ಅಗೆದು, ಕೆಮ್ಮಿ, ಹೋದ.
ಗಾಜಿನಲ್ಲಿ ನೀಲಿ, ನೀರಿನಲ್ಲಿ ಗುಲಾಬಿ,
ಇಷ್ಟೇ ಗೊತ್ತು ಅವನಿಗೆ.
ಹಳದಿಯೂ ಅದರ ಹೊಟ್ಟೆಯಲ್ಲಿದೆ ಎಂದು ಯಾರೂ ಹೇಳಲಿಲ್ಲ.

ನಾನು ಮಾಡುವುದು ಹೀಗೆ:
ಗುಲಾಬಿ ದ್ರಾವಣಕ್ಕೆ ವಿನೆಗರಿನ ಹುಳಿ,
ಆಮೇಲೆ ಪೊಟ್ಯಾಸಿಯಂ ನೈಟ್ರೈಟ್, ತುಸು ತುಸುವೇ.
ಕಂದು ಹೊಗೆ ಏಳುತ್ತದೆ; ಕಿಟಕಿ ತೆರೆದು ಮುಖ ತಿರುಗಿಸಬೇಕು.
ಎರಡು ಕೊಂಡಿಯ ಕೋಬಾಲ್ಟ್ ಆಗ ಮೂರು ಕೊಂಡಿಯದಾಗಿ
ಆರು ನೈಟ್ರೈಟುಗಳನ್ನು ಸುತ್ತ ಕರೆದುಕೊಳ್ಳುತ್ತದಂತೆ,
ಮೇಲೊಂದು, ಕೆಳಗೊಂದು, ಮಗ್ಗುಲಿಗೆ ನಾಲ್ಕು;
ಹೊರಗೆ ಮೂರು ಪೊಟ್ಯಾಸಿಯಂ, ಕಾವಲಿಗೆ.
ಹಾಗೆಂದು ತಮ್ಮ ಲೂಡೋಲ್ಫ್ ಓದಿ ಹೇಳಿದ್ದ.
ನಾನು ಕಂಡದ್ದು ಜಾಡಿಯ ತಳ ಮಾತ್ರ:
ರಾತ್ರಿಯಿಡೀ ಸದ್ದಿಲ್ಲದೆ ಇಳಿದು
ಬೆಳಿಗ್ಗೆ ಬೆರಳಗಲ ಕೂತಿರುವ ಹಳದಿ.

ಇನ್ನು ತೊಳೆಯುವುದು. ಅಲ್ಲೇ ಇರುವುದು ಕಸುಬು.
ಹನ್ನೊಂದು ಸಲ. ಉಪ್ಪಿನ ಚೂರು ಒಳಗುಳಿದರೂ
ಹಳದಿ ನಿಧಾನವಾಗಿ ತನ್ನ ಮಾತು ತಪ್ಪುತ್ತದೆ.

ನಿಮ್ಮ ಟ್ಯೂಬು ನಲವತ್ತೊಂದನೇ ಒಬ್ಬೆಯದು.
ಫೆಬ್ರವರಿ. ನಾಲ್ಕನೇ ನೀರು ಬಸಿಯುತ್ತಿದ್ದೆ.
ಮೇಲಿನ ಕೋಣೆಯಲ್ಲಿ ಕೆಮ್ಮು ನಿಂತಿತು.
ಚಳಿಗಾಲವಿಡೀ ಅದು ನಿಲ್ಲಲೆಂದು ಬೇಡಿಕೊಂಡವಳು
ನಿಂತಿದ್ದು ಕೇಳಿ ಜಾಡಿ ಬಿಟ್ಟು ಓಡಿದೆ.

ಐದನೇ ದಿನ ಕಪ್ಪು ಬಟ್ಟೆಯಲ್ಲೇ ಕೆಳಗಿಳಿದು
ಇದ್ದದ್ದನ್ನು ಇದ್ದ ಹಾಗೇ ಒಣಗಿಸಿ ಟ್ಯೂಬಿಗೆ ತುಂಬಿದೆ.
ಬಾಡಿಗೆ ಕೊಡಬೇಕಿತ್ತು. ಶವಪೆಟ್ಟಿಗೆಯವನಿಗೂ.

ಬೇರೆ ಟ್ಯೂಬು ಕಳಿಸಿದ್ದೇನೆ, ಹಣ ಬೇಡ.
ಸುಣ್ಣದ ಗೋಡೆಗೆ ಬಳಿಯಬೇಡಿ, ಕ್ಷಾರ ಅದಕ್ಕಾಗದು.
ಬಿಸಿಲಿಗೂ ಇಡಬೇಡಿ:
ಹನ್ನೊಂದು ಸಲ ತೊಳೆದದ್ದೂ ಶಾಶ್ವತವೇನಲ್ಲ.

ಆ ಕಂದು ಚೂರನ್ನು ಮಾತ್ರ
ಹಿಂದಕ್ಕೆ ಕೇಳಬೇಡಿ.

ಒಟ್ಟೀಲಿಯೆ ವೈಸ್‌ಫ್ಲೋಗ್