ಎಳೀಬ್ಯಾಡ

"ಎಳೀಬ್ಯಾಡ" ಅಂತಾರ ರೂಬೆನ್ ಸರ್,
ಕೇಶ್ವಾಪುರದ ತಮ್ಮ ಮನಿ ವರಾಂಡದಾಗ,
"ತಂತಿ ಏನು ಹತ್ತೀನ?"

ಮೂವತ್ತೊಂದು ವರ್ಷ ಎಳದದ್ದ ನನ್ನ ಕಸಬು.
ಅಮರಗೋಳದ ಮಾರ್ಕೆಟ್ಟಿನಾಗ ಅಂಡಿಗಿ ಬಾಯಿಂದ
ಒಂದು ಹಿಡಿ ಹತ್ತಿ ಹಿರಿದು,
ಎರಡೂ ಹೆಬ್ಬೆಟ್ಟಿನಾಗ ಹಿಡದು ಹರದು, ಎಳಿ ಸಾಲು ಮಾಡಿ,
ಕರೀ ಕೋಟಿನ ತೋಳಿನ ಮ್ಯಾಲಿಟ್ಟು ನೋಡಿ
ಇಪ್ಪತ್ತೆಂಟು ಮಿಲಿಮೀಟರ್ ಅಂದ್ರ ಇಪ್ಪತ್ತೆಂಟ.
ಸ್ಕೇಲು ಹಚ್ಚಿ ನೋಡಿದವ್ರು
ಸ್ಕೇಲ ಬದಲಿ ಮಾಡ್ಯಾರ.

ಈಗ ಗಿಟಾರಿನ ಆರನೇ ತಂತಿ.
ನಾ ಎಳದ್ರ ಚಟ್ ಅಂತ ಮರಕ್ಕ ಬಡೀತೈತಿ,
ಅನ್ನದಾಗ ಹರಳ ಸಿಕ್ಕಂಗ.

"ತುದಿ ಗೆಣ್ಣು ಮಡಚಬ್ಯಾಡ. ಬುಡದಿಂದ ಬರ್ಲಿ,
ಮುಂಗೈ ಹತ್ರದ ಬುಡದಿಂದ.
ಬೆರಳ ಗುಂಪಿನಾಗ ಹೊಕ್ಕೋಬ್ಯಾಡ,
ಒಂದು ಹೆಜ್ಜಿ ಎಡಕ್ಕ ಇರ್ಲಿ ಅದು.
ಮೊದಲ ಮಾಂಸ ಮುಟ್ಟಲಿ, ಆಮ್ಯಾಲ ಉಗುರು.
ಒತ್ತು. ಬಿಡು.
ಐದನೇ ತಂತಿ ಮ್ಯಾಲ ಹೋಗಿ ಕೂಡ್ರಲಿ."

ಒತ್ತು ಅಂದಕೂಡಲೆ ಅವ್ವ ನೆನಪಾಗ್ತಾಳ.
ಸೊಸೈಟಿ ಗುಮಾಸ್ತ ಆಕಿ ಹೆಬ್ಬೆಟ್ಟ ಹಿಡದು
ನೇರಳೆ ಶಾಯಿಗೆ ಅದ್ದಿ, ತಾನ ಹೊಳ್ಳಿಸಿ ಒತ್ತತಿದ್ದ;
ಆಕಿ ಬ್ಯಾರೆ ಕಡೆ ನೋಡತಿದ್ಲು.
ಸೀರಿ ಅಂಚಿಗೆ ಎಷ್ಟು ಒರಸಿದ್ರೂ
ರಾತ್ರಿ ರೊಟ್ಟಿ ಮ್ಯಾಲ ಒಂದು ಸಣ್ಣ ನೇರಳೆ ಗುರುತು.

ನನ್ನ ಹೆಬ್ಬೆಟ್ಟಿಗೆ ಗೆರಿನ ಇಲ್ಲ ಈಗ.
ಹತ್ತಿ ತಿಂದು ಹಾಕೈತಿ.
ರೇಷನ್ ಅಂಗಡಿ ಮಷೀನು ಕೆಂಪ ದೀಪ ಹಚ್ಚಿ ಒಲ್ಲೆ ಅಂತೈತಿ.
"ಒರಸ್ರಿ, ಇನ್ನೊಮ್ಮೆ ಇಡ್ರಿ, ಎಡಗೈ ಇಡ್ರಿ" ಅಂತಾನ ಹುಡುಗ,
ಹಿಂದ ಪಾಳಿ ಗೊಣಗತೈತಿ.
ಮೂರು ತಿಂಗಳಾತು, ಮನಿ ಅಕ್ಕಿ
ಹೆಂಡ್ತಿ ಬೆರಳಿಗೆ ಬರಾಕತ್ತಿ.

ಸರ್ ನನ್ನ ಕೈ ತಿರುವಿ ಬೆಳಕಿಗೆ ಹಿಡದ್ರು.
ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಾಗ
ಬೇರಿಂಗ್ ನೋಡಿ ನೋಡಿ ಸವೆದ ಕಣ್ಣು.
"ನುಣ್ಣಗೈತಿ" ಅಂದ್ರು,
ಬೈದ್ರೋ ಹೊಗಳಿದ್ರೋ ತಿಳೀಲಿಲ್ಲ.
ಜೀರೋ ನಂಬರ್ ಎಮರಿ ಪೇಪರಿನಿಂದ ಉಗುರಿನ ಮೂಲಿ ತೀಡಿ
"ಈಗ" ಅಂದ್ರು.

ಒತ್ತಿದೆ. ಬುಡದಿಂದ.
ಗುಂಡಗ ಒಂದು ಸದ್ದು ಎದ್ದು
ಎದಿಗೆ ಆನಿಸಿದ ಹಲಗಿ ನಡುಗಿ
ಕಿಡಕಿ ಗಾಜು ಸೈತ ತುಸು ಗುಂಯ್ ಅಂತು.
ಹೊರಗ ಗೂಡ್ಸ್ ಗಾಡಿ ದಾಟತಿತ್ತು, ಗಾಜಿಂದು ಅದಕ್ಕೋ ಏನೋ.

ಇನ್ನೊಮ್ಮೆ ಒತ್ತಿದೆ.
ಚಟ್.
"ಎಳದಿ ನೋಡು" ಅಂದ್ರು ಸರ್,
ಚಹಾ ಸೋಸಾಕ ಒಳಗ ಹೋಗ್ತಾ.